ಗೇರುಪೆಟ್ಟಿಗೆಯ ಗೃಹಚಿಕಿತ್ಸೆ

ಸುಶ್ರುತಾಚಾರ್ಯರು ತಮ್ಮ ಸಂಹಿತೆಯ ಸೂತ್ರಸ್ಥಾನದಲ್ಲಿ ಚಿಕಿತ್ಸಾಕಾರ್ಯವನ್ನು ಪೂರ್ವಕರ್ಮ, ಪ್ರಧಾನಕರ್ಮ, ಪಶ್ಚಾತ್ಕರ್ಮವೆಂದು ಮೂರು ವಿಧವಾಗಿ ವಿಂಗಡಿಸಿದ್ದಾರೆ. ಶಸ್ತ್ರವನ್ನು ಪ್ರಯೋಗಿಸುವುದು ಇವುಗಳಲ್ಲಿ ನಡುವಣದೊಂದು ಮಾತ್ರ. ಅದಕ್ಕೆ ಮೊದಲು ಮಾಡತಕ್ಕ ಸಿದ್ಧತೆಯೂ, ಅದಾದ ಬಳಿಕ ನಡೆಯತಕ್ಕ ಆರೈಕೆಯೂ ಚಿಕಿತ್ಸೆಯ ಅಂಗಗಳೇ ಆಗಿವೆ. ದೇಹದ ವಿಷಯವಾಗಿ ಹೇಳಿದ ಈ ವಿಭಾಗವು ಅಂಗಳದಲ್ಲಿ ನಿಂತಿರುವ ಮೋಟಾರುಗಾಡಿಗೂ ಸಲ್ಲುವುದೆಂದರೆ ವಾಚಕರು ನಗಬಹುದು. ಆದರೆ ಈಚೆಗೆ ಅನೇಕ ಗೃಹಸ್ಥರು ತಮ್ಮ ಗಾಡಿಗಳ ದುರಸ್ತಿಯನ್ನು ತಾವೇ ಕೈಗೊಳ್ಳುತ್ತಿದ್ದಾರೆ. ಅವರಲ್ಲಿ ಬಹುಮಂದಿ ಗಾಡಿಯು ಚಲಿಸಿದೊಡನೆ ಕೆಲಸ ಮುಗಿಯಿತೆಂದು ತಿಳಿಯುತ್ತಾರೆ. ಆದಕಾರಣ ಪಶ್ಚಾತ್ಕರ್ಮವನ್ನು ಕುರಿತು ನಾಲ್ಕು ಮಾತುಗಳನ್ನಾಡುವುದು ಉಚಿತವೆಂದು ನಮಗೆ ತೋರಿದೆ. ಸ್ವಯಂಚಾಲಿತ ಗೇರುಪೆಟ್ಟಿಗೆಯನ್ನು ಇದಕ್ಕೆ ಉದಾಹರಣೆಯಾಗಿ ತೆಗೆದುಕೊಳ್ಳುತ್ತೇವೆ. ನಮ್ಮ ಬಂಧುಗಳ ಮನೆಯಲ್ಲಿ ನಡೆದ ಇಂತಹದೊಂದು ಚಿಕಿತ್ಸೆಯನ್ನು ಆದ್ಯಂತವಾಗಿ ನೋಡುವ ಸಂದರ್ಭವು ನಮಗೆ ಒದಗಿತ್ತು.

ಮೊದಲು ಈ ಯಂತ್ರದ ಸ್ವರೂಪವನ್ನು ತಿಳಿಯೋಣ. ಎಂಜಿನ್ನಿನ ಶಕ್ತಿಯನ್ನು ಚಕ್ರಗಳಿಗೆ ತಕ್ಕ ಪ್ರಮಾಣದಲ್ಲಿ ಮುಟ್ಟಿಸುವುದೇ ಗೇರುಪೆಟ್ಟಿಗೆಯ ಕಾರ್ಯ. ಸಾಮಾನ್ಯ ಗಾಡಿಯಲ್ಲಿ ಚಾಲಕನು ಎಡಗಾಲಿನಿಂದ ಕ್ಲಚ್ಚನ್ನೊತ್ತಿ, ಎಡಗೈಯಿಂದ ಗೇರನ್ನು ಬದಲಿಸಬೇಕು. ಈ ಶ್ರಮವನ್ನು ಯಂತ್ರಕ್ಕೇ ಒಪ್ಪಿಸಿದ ಗಾಡಿಗಳಿಗೆ ಜನರು ‘ಆಟೋಮ್ಯಾಟಿಕ್’ ಎನ್ನುತ್ತಾರೆ. ಇವುಗಳಲ್ಲಿಯೂ ಜಾತಿಭೇದಗಳುಂಟು. ೨೦೧೪ರಲ್ಲಿ ಮಾರುತಿ ಸುಜುಕಿಯವರ ಸೆಲೇರಿಯೊ ಕಾರಿನೊಡನೆ ನಮ್ಮ ದೇಶಕ್ಕೆ ಬಂದ ಎ.ಎಂ.ಟಿ. ಎಂಬುದು ಸಾಮಾನ್ಯ ಗೇರುಪೆಟ್ಟಿಗೆಯೇ. ಕ್ಲಚ್ಚನ್ನೊತ್ತಿ ಗೇರನ್ನು ಬದಲಿಸುವ ಕೈಕಾಲುಗಳನ್ನು ಮಾತ್ರ ಯಂತ್ರರೂಪವಾಗಿ ಅದಕ್ಕೆ ಜೋಡಿಸಿರುವರು. ಸಿ.ವಿ.ಟಿ. ಎಂಬುದರಲ್ಲಿ ಹಲ್ಲುಚಕ್ರಗಳ ಮೆಟ್ಟಿಲುಗಳಿಲ್ಲ. ಅಗಲ ಹೆಚ್ಚುಕಡಮೆಯಾಗುವ ಎರಡು ರಾಟೆಗಳ ನಡುವೆ ಪಟ್ಟಿಯೊಂದು ಓಡುವುದು. ಡಿ.ಸಿ.ಟಿ.ಯಲ್ಲಿ ಎರಡು ಕ್ಲಚ್ಚುಗಳಿರುವುವು. ನಾಲ್ಕನೆಯದಾದ ಟಾರ್ಕ್ ಕನ್ವರ್ಟರ್ ಪದ್ಧತಿಯು ಬಹುಕಾಲದಿಂದ ಬಳಕೆಯಲ್ಲಿರುವುದು. ನಮ್ಮ ಲೇಖನವು ಇದನ್ನು ಕುರಿತದ್ದು. ಒಂದು ಜಾತಿಗೆ ಹೇಳಿದ ಎಣ್ಣೆಯನ್ನು ಇನ್ನೊಂದಕ್ಕೆ ಹಾಕಿದರೆ ಪೆಟ್ಟಿಗೆಯೇ ಹಾಳಾದೀತು. ಆದುದರಿಂದ ತನ್ನ ಗಾಡಿ ಯಾವ ಜಾತಿಯದೆಂಬುದನ್ನು ಗೃಹಸ್ಥನು ಮೊದಲೇ ತಿಳಿದಿರತಕ್ಕದ್ದು.

೧೯೦೫ರಲ್ಲಿ ಹೆರ್ಮನ್ ಫೋಟಿಂಗರ್ ಎಂಬ ಜರ್ಮನ್ ಎಂಜಿನಿಯರು ಹಡಗುಗಳ ಉಪಯೋಗಕ್ಕಾಗಿ, ದ್ರವದ ಮೂಲಕ ಶಕ್ತಿಯನ್ನು ಸಾಗಿಸುವ ಸಾಧನವೊಂದಕ್ಕೆ ಪೇಟೆಂಟು ಪಡೆದರು. ಅದರ ತತ್ತ್ವವು ಸರಳವಾದುದು. ಎರಡು ಮೇಜಿನ ಫ್ಯಾನುಗಳನ್ನು ಎದುರುಬದುರಾಗಿಟ್ಟು ಒಂದನ್ನು ತಿರುಗಿಸಿದರೆ, ಅದರ ಗಾಳಿಯಿಂದ ಇನ್ನೊಂದೂ ತಿರುಗುವುದಷ್ಟೆ. ಗಾಳಿಯ ಸ್ಥಾನದಲ್ಲಿ ಎಣ್ಣೆಯನ್ನು ಭಾವಿಸಿದರೆ ಟಾರ್ಕ್ ಕನ್ವರ್ಟರಿನ ಬೀಜವು ದೊರೆಯಿತು. ೧೯೩೯ರಲ್ಲಿ ಅಮೆರಿಕದ ಜನರಲ್ ಮೋಟಾರ್ಸ್ ಸಂಸ್ಥೆಯವರು ‘ಹೈಡ್ರಾಮ್ಯಾಟಿಕ್’ ಎಂಬ ಪೆಟ್ಟಿಗೆಯನ್ನು ೧೯೪೦ರ ಮಾದರಿಯ ಓಲ್ಡ್ಸ್‌ಮೊಬೀಲ್ ಗಾಡಿಗಳಿಗೆ ಅಳವಡಿಸಿ ಮಾರಾಟಕ್ಕೆ ತಂದರು. ಎರಡನೆಯ ಮಹಾಯುದ್ಧದಲ್ಲಿ ಅಮೆರಿಕದ ಎಂ-೫ ಎಂಬ ಹಗುರ ಟ್ಯಾಂಕುಗಳೂ ಇದೇ ಪೆಟ್ಟಿಗೆಯಿಂದ ನಡೆದವು.

ಕನ್ವರ್ಟರಿನ ಹಿಂದೆ ಗೇರುಗಳ ಸಂಸಾರವಿದೆ. ನಡುವೆ ಒಂದು ಸೂರ್ಯಚಕ್ರ, ಅದರ ಸುತ್ತ ಗ್ರಹಚಕ್ರಗಳು, ಇವೆಲ್ಲವನ್ನೂ ಬಳಸಿದ ಒಳಹಲ್ಲಿನ ಬಳೆಯೊಂದು. ಇವುಗಳಲ್ಲಿ ಒಂದನ್ನು ಹಿಡಿದು ನಿಲ್ಲಿಸಿ ಮತ್ತೊಂದನ್ನು ತಿರುಗಿಸಿದರೆ ಮೂರನೆಯದರ ವೇಗವು ಬದಲಾಗುವುದು. ಹಿಡಿಯುವ ಬಿಡುವ ಕೆಲಸವು ತೆಳುವಾದ ಕ್ಲಚ್ಚುತಟ್ಟೆಗಳದು. ಆ ತಟ್ಟೆಗಳನ್ನು ಒತ್ತುವುದು ಎಣ್ಣೆಯ ಬಲ. ಯಾವ ಹೊತ್ತಿಗೆ ಯಾವ ದಾರಿಯಲ್ಲಿ ಎಣ್ಣೆ ಹರಿಯಬೇಕೆಂಬುದನ್ನು ಸೊಲೆನಾಯ್ಡ್‌ಗಳೆಂಬ ಚಿಕ್ಕ ವಿದ್ಯುತ್ ಕವಾಟಗಳು ನಿಯಂತ್ರಿಸುವುವು. ಅಲ್ಲಿಗೆ ಆ ಪೆಟ್ಟಿಗೆಯಲ್ಲಿ ಶಕ್ತಿಯನ್ನು ಸಾಗಿಸುವುದೂ ಎಣ್ಣೆ, ತಟ್ಟೆಗಳನ್ನು ಒತ್ತುವುದೂ ಎಣ್ಣೆ, ಸವೆತವನ್ನು ತಡೆದು ಕಾವನ್ನು ಹೊರಗೊಯ್ಯುವುದೂ ಎಣ್ಣೆಯೇ. ೧೯೭೦ರ ದಶಕದ ಆರಂಭದವರೆಗೆ ಈ ಎಣ್ಣೆಗೆ ತಿಮಿಂಗಿಲದ ತೈಲವನ್ನು ಬೆರೆಸುತ್ತಿದ್ದರು. ಆ ಪ್ರಾಣಿಯನ್ನು ರಕ್ಷಿಸಲು ಅಮೆರಿಕದಲ್ಲಿ ಕಾನೂನಾದ ಬಳಿಕ ರಾಸಾಯನಿಕಗಳು ಅದರ ಸ್ಥಾನಕ್ಕೆ ಬಂದವು. ಎಂಜಿನ್ನಿನ ಎಣ್ಣೆಯೊಡನೆ ತಪ್ಪಿ ಬೆರೆಯದಿರಲೆಂದು ಇದಕ್ಕೆ ಸಾಮಾನ್ಯವಾಗಿ ಕೆಂಪು ಬಣ್ಣವನ್ನು ಕೊಟ್ಟಿರುತ್ತಾರೆ. ಈ ಕೆಂಪು ಬಣ್ಣದ ಮಾತು ಮುಂದೆ ಬರಲಿದೆ.

ಇನ್ನು ಪ್ರಕೃತಕ್ಕೆ ಬರೋಣ. ನಮ್ಮ ತಂಗಿಯು ಹಾಸನದಿಂದ ಹದಿನೆಂಟು ಕಿಲೋಮೀಟರು ದೂರದ ಹಳ್ಳಿಯೊಂದರಲ್ಲಿ ಪ್ರಾಥಮಿಕ ಶಾಲೆಯ ಮುಖ್ಯೋಪಾಧ್ಯಾಯಿನಿ. ಆಕೆಯ ಎಡಮೊಣಕಾಲು ಕೆಲವು ವರ್ಷಗಳಿಂದ ಸವೆದಿದೆ. ಕ್ಲಚ್ಚನ್ನೊತ್ತುವುದು ಆಗದ ಮಾತು. ಶಾಲೆಯ ವೇಳೆಗೆ ಸರಿಯಾಗಿ ಬರುವ ಬಸ್ಸು ಇಲ್ಲ. ಇರುವ ಬಸ್ಸಿನ ಮೆಟ್ಟಿಲು ಏರುವುದು ಆಕೆಗೆ ಕಷ್ಟ. ಆದಕಾರಣ ಹನ್ನೊಂದು ವರ್ಷ ಹಳೆಯದಾದ ನಾಲ್ಕು ಗೇರಿನ ಸಣ್ಣ ಆಟೋಮ್ಯಾಟಿಕ್ ಕಾರೊಂದು ಆಕೆಯ ಸ್ವಾತಂತ್ರ್ಯಕ್ಕೆ ಆಧಾರವಾಗಿತ್ತು. ಅದು ಇಲ್ಲವಾದರೆ ಉಳಿದೆರಡು ವರ್ಷಗಳ ಸೇವೆಯನ್ನು ಬಿಟ್ಟು ಸ್ವಯಂನಿವೃತ್ತಿ ಪಡೆಯಬೇಕಾದೀತೆಂಬುದು ಮನೆಯವರ ಚಿಂತೆ.

ಕಳೆದ ದಸರೆಯ ಮುಂಚೆ ಆ ಗಾಡಿಗೆ ರೋಗವು ಬಂದಿತು. ಹೊರಡುವಾಗ ಎತ್ತು ಏರಿಯನ್ನು ಹತ್ತುವಂತೆ ತಿಣುಕುವುದು. ಹೆದ್ದಾರಿಯಲ್ಲಿ ವೇಗವೇರಿದಂತೆಲ್ಲ ಎಂಜಿನ್ನು ಅರಚುವುದು. ಯಾವ ಗೇರೂ ಬದಲಾಗದೆ ಪೆಟ್ಟಿಗೆಯು ಮೂರರಲ್ಲಿಯೇ ನಿಂತುಬಿಟ್ಟಿತ್ತು. ಒಳಗಿನ ವಿದ್ಯುತ್ತಿನಲ್ಲಿ ದೋಷ ಕಂಡಾಗ ಗಾಡಿಯನ್ನು ನಿಯಂತ್ರಿಸುವ ಕಂಪ್ಯೂಟರು ಅಪಾಯವಾಗದಿರಲೆಂದು ಹೀಗೆ ಒಂದೇ ಗೇರಿನಲ್ಲಿ ಕಟ್ಟಿಹಾಕುವುದುಂಟು. ದೊಡ್ಡ ಕಾರ್ಖಾನೆಯೊಂದರಲ್ಲಿ ತೋರಿಸಲಾಗಿ, ಇಡೀ ಪೆಟ್ಟಿಗೆಯನ್ನೇ ಬದಲಿಸಬೇಕು, ತೊಂಬತ್ತು ಸಾವಿರಕ್ಕೆ ಮೇಲಾಗುವುದು ಎಂದರು. ಅವರ ಪಕ್ಷವನ್ನೂ ಹೇಳಬೇಕು. ಹಳೆಯ ಪೆಟ್ಟಿಗೆಯನ್ನು ಬಿಚ್ಚಿ ಒಂದು ಭಾಗವನ್ನು ಮಾತ್ರ ಸರಿಮಾಡಿದರೆ ಉಳಿದುದಕ್ಕೆ ಭರವಸೆಯನ್ನು ಕೊಡಲು ಅವರಿಂದಾಗದು. ಆದರೆ ಅಷ್ಟು ಹಣಕ್ಕೆ ಆ ಗಾಡಿಯ ಬೆಲೆಯೇ ಸರಿಸಮವಾಗಿತ್ತು.

ತಂಗಿಯ ಮಗನು ಪೇಟೆಯಲ್ಲಿ ಮೋಟಾರು ಸುತ್ತುವ ಅಂಗಡಿಯನ್ನಿಟ್ಟಿರುವನು. ಪಂಪುಸೆಟ್ಟುಗಳ ತಾಮ್ರದ ಸುರುಳಿಗಳೊಡನೆ ದಿನವೆಲ್ಲ ಕಳೆಯುವವನು. ಅವನು ಗಾಡಿಗೆ ಸ್ಕ್ಯಾನರನ್ನು ಜೋಡಿಸಿ ನೋಡಲು ‘ಪಿ ೦೭೫೩’ ಎಂಬ ಸಂಕೇತವು ಬಂದಿತು. ಗೇರನ್ನು ಬದಲಿಸುವ ಮೊದಲನೆಯ ಸೊಲೆನಾಯ್ಡ್‌ನ ವಿದ್ಯುನ್ಮಾರ್ಗದಲ್ಲಿ ದೋಷವಿದೆಯೆಂದು ಅದರ ಅರ್ಥ. “ಮಾವ, ಸೊಲೆನಾಯ್ಡ್ ಎಂದರೆ ನಾನು ನಿತ್ಯವೂ ಸುತ್ತುವ ಸುರುಳಿಯೇ. ಅದೊಂದು ಕಡಿದಿದ್ದರೆ ಪೆಟ್ಟಿಗೆಯನ್ನೇ ಏಕೆ ಎಸೆಯಬೇಕು?” ಎಂದನು. ಈ ಪ್ರಶ್ನೆಯು ನ್ಯಾಯವಾದುದೆಂದು ನಮಗೂ ತೋರಿತು. ಅಳತೆಕಡ್ಡಿಯಲ್ಲಿ ನೋಡಲಾಗಿ ಎಣ್ಣೆಯು ಸ್ವಲ್ಪ ಕಪ್ಪಾಗಿತ್ತೇ ಹೊರತು ಸುಟ್ಟ ವಾಸನೆಯಿರಲಿಲ್ಲ. ಸುಟ್ಟ ವಾಸನೆಯಿದ್ದರೆ ತಟ್ಟೆಗಳೇ ಕರಿಕಾಗಿವೆಯೆಂದು ತಿಳಿದು ಮನೆಯ ಚಿಕಿತ್ಸೆಯನ್ನು ಅಲ್ಲಿಗೇ ಕೈಬಿಡತಕ್ಕದ್ದು.

ಪೂರ್ವಕರ್ಮಕ್ಕೆ ಅವನು ಒಂದು ದಿನವನ್ನೇ ಮೀಸಲಿಟ್ಟನು. ಗಾಡಿಯನ್ನು ಸಮವಾದ ಸಿಮೆಂಟು ನೆಲದ ಮೇಲೆ ನಿಲ್ಲಿಸಿ, ಹಿಂದಿನ ಚಕ್ರಗಳ ಎರಡು ಕಡೆಯೂ ಮರದ ದಿಂಡುಗಳನ್ನು ಕೊಟ್ಟು, ಮುಂಭಾಗವನ್ನು ಎತ್ತಿ, ಕಬ್ಬಿಣದ ಸ್ಟ್ಯಾಂಡುಗಳ ಮೇಲೆ ಕೂರಿಸಿದನು. ಜಾಕು ಎತ್ತುವುದಕ್ಕಾಗಿ ಇರುವ ಸಾಧನ; ಹೊತ್ತು ನಿಲ್ಲುವುದು ಅದರ ಧರ್ಮವಲ್ಲ. ಜಾಕೊಂದನ್ನೇ ನಂಬಿ ಗಾಡಿಯ ಕೆಳಗೆ ದೇಹವನ್ನು ಚಾಚಿದವನ ಪ್ರಾಣವು ಒಂದು ರಬ್ಬರು ವಾಷರಿನ ಮೇಲೆ ನಿಂತಂತೆ. ಆಟೋಮ್ಯಾಟಿಕ್ ಗಾಡಿಯ ‘ಪಾರ್ಕ್’ ಸ್ಥಾನವನ್ನೂ ಹೀಗೆ ನಂಬಲಾಗದು. ಹಲ್ಲುಚಕ್ರವೊಂದಕ್ಕೆ ಸಿಕ್ಕಿಕೊಳ್ಳುವ ಒಂದು ಚಿಕ್ಕ ಕೊಂಡಿಯೇ ಅದರ ಸರ್ವಸ್ವ. ಅವನು ಕೆಳಗಿರುವಷ್ಟು ಹೊತ್ತೂ ಹತ್ತಿರದಲ್ಲಿ ಒಬ್ಬರು ಕುಳಿತಿರಬೇಕೆಂದು ತಂಗಿಯು ಕಟ್ಟುಮಾಡಿದಳು. ಆ ಕಾವಲು ನಮ್ಮ ಪಾಲಿಗೆ ಬಂದಿತು.

ಬ್ಯಾಟರಿಯ ತಂತಿಯನ್ನು ಬಿಚ್ಚಿ, ಎಣ್ಣೆಯು ಆರುವವರೆಗೆ ಕಾದು, ಪೆಟ್ಟಿಗೆಯ ತಳವನ್ನು ಹೊರಗಿನಿಂದ ಚೆನ್ನಾಗಿ ತೊಳೆದು ಒರೆಸಿದನು. ಒರೆಸಲು ತಂಗಿಯು ಹಳೆಯ ಪಂಚೆಯೊಂದನ್ನು ತಂದುಕೊಟ್ಟಳು. ಹೊರಗೆ ಅದನ್ನು ಬಳಸಿ, ತಳವು ಬಿಚ್ಚಿದ ಮೇಲೆ ಅದನ್ನು ಹತ್ತಿರಕ್ಕೂ ತರಗೊಡಲಿಲ್ಲ. ಒಂದು ನೂಲಿನೆಳೆಯು ಕವಾಟದೊಳಗೆ ಸಿಕ್ಕಿದರೆ ಹೊಸ ರೋಗವೇ ಹುಟ್ಟುವುದಂತೆ.

ಪ್ರಧಾನಕರ್ಮವನ್ನು ಸಂಕ್ಷೇಪವಾಗಿ ಹೇಳುತ್ತೇವೆ. ಕೆಳಗಿನ ಬಿರಡೆಯನ್ನು ತೆಗೆದು ಎಣ್ಣೆಯನ್ನು ಅಳತೆಯ ಪಾತ್ರೆಗೆ ಇಳಿಸಲಾಯಿತು. ಎರಡು ಲೀಟರು ಎಂಟುನೂರು ಮಿಲಿಲೀಟರು ಬಂದಿತು. ಉಳಿದ ಎಣ್ಣೆಯು ಕನ್ವರ್ಟರಿನೊಳಗೂ ತಂಪುಗೊಳಿಸುವ ಕೊಳವೆಗಳಲ್ಲಿಯೂ ನಿಲ್ಲುವುದರಿಂದ ಹೀಗೆ ಇಳಿಸಿದಾಗ ಅರ್ಧದಷ್ಟೇ ಹೊರಬರುವುದು. ಬಂದ ಅಳತೆಯನ್ನು ನೋಟುಪುಸ್ತಕದಲ್ಲಿ ಬರೆದುಕೊಂಡನು. ತಳದ ತಟ್ಟೆಯಲ್ಲಿದ್ದ ಅಯಸ್ಕಾಂತಕ್ಕೆ ವಿಭೂತಿಯಂತಹ ಬೂದುಬಣ್ಣದ ನುಣ್ಣನೆಯ ಕೆಸರು ಅಂಟಿತ್ತು. ಇದು ಸಹಜವಾದ ಸವೆತ. ಲೋಹದ ಚೂರುಗಳೋ ಚಕ್ಕೆಗಳೋ ಕಂಡಿದ್ದರೆ ಕೆಲಸವನ್ನು ನಿಲ್ಲಿಸಬೇಕಾಗಿತ್ತು. ಸೊಲೆನಾಯ್ಡ್‌ಗಳನ್ನು ಮೀಟರಿನಿಂದ ಅಳೆಯಲು, ಎಲ್ಲವೂ ಕೈಪಿಡಿಯಲ್ಲಿ ಹೇಳಿದ ೧೧ರಿಂದ ೧೫ ಓಮುಗಳ ನಡುವೆ ನಿಂತವು. ಒಂದು ಮಾತ್ರ ಕಡಿದ ತಂತಿಯ ಲಕ್ಷಣವನ್ನು ತೋರಿತು. ಅದನ್ನು ತೆಗೆದು ಹೊಸದನ್ನು ಕೂರಿಸಿ, ಶೋಧಕವನ್ನೂ ಗ್ಯಾಸ್ಕೆಟ್ಟನ್ನೂ ಬದಲಿಸಿ, ತಳದ ಬೋಲ್ಟುಗಳನ್ನು ಅಳತೆಯ ಸ್ಪ್ಯಾನರಿನಿಂದ ಎದುರುಬದುರಾಗಿ ಹಗುರವಾಗಿ ಬಿಗಿದನು. ಬಲವನ್ನು ಹೆಚ್ಚಾಗಿ ತೋರಿಸಿದರೆ ತಟ್ಟೆಯ ಅಂಚು ಬಾಗಿ ಎಣ್ಣೆಯು ಒಸರುವುದು. ಕೈಪಿಡಿಯು ಹೆಸರಿಸಿದ ಎಣ್ಣೆಯನ್ನೇ, ಹೊರಬಂದಷ್ಟೇ ಅಳತೆಯಲ್ಲಿ ತುಂಬಲಾಯಿತು. ಎಲ್ಲ ಖರ್ಚೂ ಸೇರಿ ಹತ್ತು ಸಾವಿರಕ್ಕೆ ಒಳಗಾಯಿತು. ಎಂಜಿನ್ನನ್ನು ನಡೆಸಿ, ಬ್ರೇಕನ್ನೊತ್ತಿ ಹಿಡಿದು, ಗೇರಿನ ಹಿಡಿಯನ್ನು ಒಂದೊಂದು ಸ್ಥಾನದಲ್ಲಿಯೂ ಕ್ಷಣಕಾಲ ನಿಲ್ಲಿಸಿ ತಂದರು. ಬೀದಿಯಲ್ಲಿ ಒಂದು ಸುತ್ತು ಹೋಗಿ ಬಂದಾಗ ನಾಲ್ಕು ಗೇರುಗಳೂ ಬಿದ್ದವು. ನೆರೆಹೊರೆಯವರೆಲ್ಲ ಹುಡುಗನನ್ನು ಹೊಗಳಿದರು.

ನಮ್ಮ ಲೇಖನದ ಮುಖ್ಯಭಾಗವು ಇಲ್ಲಿಂದ ಮುಂದಿನದು.

ಪಶ್ಚಾತ್ಕರ್ಮದಲ್ಲಿ ಮೊದಲನೆಯದು ಎಣ್ಣೆಯ ಮಟ್ಟ. ಎಣ್ಣೆಯು ಕಾದಂತೆ ಹಿಗ್ಗುವುದರಿಂದ ತಣ್ಣಗಿದ್ದಾಗ ನೋಡಿದ ಮಟ್ಟವು ಪ್ರಮಾಣವಲ್ಲ. ಹತ್ತಾರು ಕಿಲೋಮೀಟರು ಓಡಿಸಿ, ಸಮನೆಲದಲ್ಲಿ ನಿಲ್ಲಿಸಿ, ಕೈಪಿಡಿಯು ಹೇಳಿದಂತೆ ಮತ್ತೆ ನೋಡಬೇಕು. ಹೆಚ್ಚು ತಯಾರಕರು ಎಂಜಿನ್ನು ನಡೆಯುತ್ತಿರುವಾಗಲೇ ನೋಡಬೇಕೆನ್ನುತ್ತಾರೆ. ನಿಲ್ಲಿಸಿ ನೋಡಬೇಕೆನ್ನುವವರೂ ಉಂಟು. ಹೊಸ ಗಾಡಿಗಳಲ್ಲಿ ಎಷ್ಟೋ ಕಡೆ ಅಳತೆಕಡ್ಡಿಯೇ ಇರುವುದಿಲ್ಲ. ನಿರ್ದಿಷ್ಟವಾದ ಕಾವಿನಲ್ಲಿ ಬಿರಡೆಯನ್ನು ತೆಗೆದು ನೋಡಬೇಕಾಗುವುದು. ಎಣ್ಣೆಯು ಕಡಮೆಯಾದರೆ ಪಂಪು ಗಾಳಿಯನ್ನು ಹೀರಿ ತಟ್ಟೆಗಳು ಜಾರುವುವು. ಹೆಚ್ಚಾದರೆ ಚಕ್ರಗಳು ಅದನ್ನು ಕಡೆದು ನೊರೆಯೆಬ್ಬಿಸಿ ಅದೇ ಅನರ್ಥವನ್ನು ತರುವುವು.

ಎರಡನೆಯದು ಒಸರಿನ ಪರೀಕ್ಷೆ. ರಾತ್ರಿ ಗಾಡಿಯ ಕೆಳಗೆ ಹಳೆಯ ವೃತ್ತಪತ್ರಿಕೆಯನ್ನು ಹಾಸಿದ್ದರು. ಮೂರನೆಯ ಬೆಳಗ್ಗೆ ಅದರ ಮೇಲೆ ಎರಡು ರೂಪಾಯಿ ನಾಣ್ಯದಷ್ಟಗಲದ ಕೆಂಪು ಕಲೆ ಕಂಡಿತು. ಬಿರಡೆಯ ಕೆಳಗಿನ ತೆಳು ವಾಷರನ್ನು ಒಮ್ಮೆ ಬಿಗಿದು ತೆಗೆದ ಮೇಲೆ ಮತ್ತೆ ಬಳಸಲಾಗದು. ತಂದ ಸಾಮಾನಿನಲ್ಲಿ ಹೊಸದಿರಲಿಲ್ಲವಾಗಿ ಹುಡುಗನು ಹಳೆಯದನ್ನೇ ಹಾಕಿದ್ದನು. “ಒಂದು ತೊಟ್ಟಿಗೆ ಏನಾದೀತಮ್ಮ? ಶಾಲೆ ತೆರೆಯುವುದರೊಳಗೆ ನೋಡಿದರಾಯಿತು” ಎಂದನು. ತಾಯಿಯು, “ಬಿದ್ದ ತೊಟ್ಟು ಎಷ್ಟೆಂದು ನೀನು ಬಲ್ಲೆ, ಬೀಳಲಿರುವುದು ಎಷ್ಟೆಂದು ಬಲ್ಲೆಯಾ? ಕಾಗದ ಎರಡು ರಾತ್ರಿ ಬೆಳ್ಳಗಿದ್ದರೆ ಆಮೇಲೆ ನಾನು ಕೂರುತ್ತೇನೆ” ಎಂದಳು. ಐದಾರು ರೂಪಾಯಿಯ ವಾಷರಿಗಾಗಿ ಗಾಡಿಯನ್ನು ಮತ್ತೆ ಎತ್ತಿ, ಹೊಸ ಎಣ್ಣೆಯನ್ನು ಶುದ್ಧವಾದ ಪಾತ್ರೆಗೆ ಇಳಿಸಿ, ಎಲ್ಲವನ್ನೂ ಮೊದಲಿನಿಂದ ಮಾಡಬೇಕಾಯಿತು. ನಡುವೆ ಆಯುಧಪೂಜೆಯು ಬಂದಿತು. ಅರಿಸಿನ ಕುಂಕುಮ ಹೂಗಳನ್ನೇರಿಸಿ ನಿಂತಲ್ಲಿಯೇ ಪೂಜಿಸಿದರು. ಆ ವರ್ಷ ಚಕ್ರದಡಿಗೆ ನಿಂಬೆಹಣ್ಣನ್ನು ಇಡಲಿಲ್ಲ.

ಮೂರನೆಯದು ಅಭ್ಯಾಸ. ತಟ್ಟೆಗಳ ಸವೆತಕ್ಕೆ ತಕ್ಕಂತೆ ಎಷ್ಟು ಒತ್ತಬೇಕೆಂಬುದನ್ನು ಕಂಪ್ಯೂಟರು ವರ್ಷಗಳಿಂದ ಕಲಿತು ನೆನಪಿನಲ್ಲಿಟ್ಟಿರುತ್ತದೆ. ಅನೇಕ ಗಾಡಿಗಳಲ್ಲಿ ಬ್ಯಾಟರಿಯನ್ನು ಬಿಚ್ಚಿದಾಗ ಆ ನೆನಪು ಅಳಿಯುವುದು. ಈ ಗಾಡಿಯೂ ಮೊದಲ ವಾರ ಗೇರು ಬದಲಿಸುವಾಗಲೆಲ್ಲ ಹಿಂದಿನಿಂದ ಯಾರೋ ನೂಕಿದಂತೆ ಜಗ್ಗುತ್ತಿತ್ತು. ಇದನ್ನು ಹೊಸ ರೋಗವೆಂದು ಭ್ರಮಿಸಿ ಮತ್ತೆ ಬಿಚ್ಚುವವರುಂಟು. ಮೃದುವಾಗಿ, ಅವಸರವಿಲ್ಲದೆ, ಎಲ್ಲ ಗೇರುಗಳೂ ಬರುವಂತೆ ಓಡಿಸುತ್ತಿರಲು ಜಗ್ಗು ಕ್ರಮೇಣ ಶಮನವಾಯಿತು.

ನಾಲ್ಕನೆಯದು ಹಳೆಯ ಎಣ್ಣೆಯ ಗತಿ. ಗೃಹಿಣಿಯರು ಇದನ್ನು ವಿಶೇಷವಾಗಿ ಗಮನಿಸಬೇಕೆಂದು ಪ್ರಾರ್ಥನೆ. ಈ ಎಣ್ಣೆಯು ಹೊಸದಾಗಿದ್ದಾಗ ಕೋಕಂ ಪಾನಕದಂತೆ ಕೆಂಪಾಗಿ ಹೊಳೆಯುತ್ತದೆ. ಉಳಿದುದನ್ನು ಕುಡಿಯುವ ನೀರಿನ ಅಥವಾ ಪಾನೀಯದ ಸೀಸೆಗೆ ತುಂಬಿಟ್ಟರೆ ಮಕ್ಕಳ ಪ್ರಾಣಕ್ಕೆ ಸಂಚಕಾರ. ಯಾವುದಾದರೂ ಮಗು ಕುಡಿದದ್ದು ಕಂಡರೆ ವಾಂತಿಮಾಡಿಸಕೂಡದು. ಎಣ್ಣೆಯು ಶ್ವಾಸಕೋಶಕ್ಕೆ ಹೋದರೆ ಹೆಚ್ಚಿನ ಅಪಾಯ. ಕೂಡಲೇ ಆಸ್ಪತ್ರೆಗೆ ಕೊಂಡೊಯ್ಯತಕ್ಕದ್ದು. ಹಳೆಯ ಎಣ್ಣೆಯನ್ನು ಗೆದ್ದಲು ಬಾರದಂತೆ ಬೇಲಿಯ ಕಂಬಗಳಿಗೆ ಬಳಿಯುವ ರೂಢಿ ನಮ್ಮ ಕಡೆ ಉಂಟು. ಮೋರಿಗೆ ಸುರಿಯುವವರೂ ಉಂಟು. ಎರಡೂ ಸಲ್ಲದು. ಮಣ್ಣಿಗಿಳಿದ ಎಣ್ಣೆಯು ಬಾವಿಯ ನೀರನ್ನು ಸೇರಬಹುದು. ೨೦೧೬ರ ಅಪಾಯಕಾರಿ ತ್ಯಾಜ್ಯಗಳ ನಿಯಮಗಳಲ್ಲಿ ಬಳಸಿದ ಎಣ್ಣೆಯೂ ಸೇರಿದೆ. ಹೊಸ ಎಣ್ಣೆ ಬಂದ ಡಬ್ಬಿಗೇ ಹಳೆಯದನ್ನು ತುಂಬಿ, ಹೆಸರು ಬರೆದು, ಅಂತಹ ಎಣ್ಣೆಯನ್ನು ಸಂಗ್ರಹಿಸಿ ಶುದ್ಧೀಕರಣಕ್ಕೆ ಕಳುಹಿಸುವ ಕಾರ್ಖಾನೆಗೆ ಒಪ್ಪಿಸುವುದೇ ಸರಿಯಾದ ಮಾರ್ಗ. ನಮ್ಮ ಹುಡುಗನೂ ಹಾಗೆಯೇ ಮಾಡಿದನು.

ಐದನೆಯದು ಎಲ್ಲಕ್ಕಿಂತ ಕಠಿಣವಾದುದು: ಗುಣವಾಗದೆ ಉಳಿದುದನ್ನು ಒಪ್ಪಿಕೊಳ್ಳುವುದು. ಗಾಡಿಯು ಅಂದಿನಿಂದ ಎಂಟು ತಿಂಗಳು ತಪ್ಪದೆ ಶಾಲೆಗೆ ಹೋಗಿ ಬಂದಿದೆ. ಆದರೆ ಚಳಿಯ ಬೆಳಗುಗಳಲ್ಲಿ ಎರಡರಿಂದ ಮೂರಕ್ಕೆ ಏರುವಾಗ ಕ್ಷಣಮಾತ್ರ ಎಂಜಿನ್ನು ಹಿಡಿತ ತಪ್ಪಿದಂತೆ ಏರಿ ಮತ್ತೆ ಇಳಿಯುವುದು. ಇದು ತಟ್ಟೆಗಳ ಸವೆತದ ಲಕ್ಷಣವೆಂದು, ತಾನು ಮಾಡಿದ ಕೆಲಸವು ಅದನ್ನು ಮುಟ್ಟಲಾರದೆಂದು ಹುಡುಗನು ಮರೆಮಾಚದೆ ತಾಯಿಗೆ ಹೇಳಿದನು. ಅದಕ್ಕಾಗಿ ಇಡೀ ಪೆಟ್ಟಿಗೆಯನ್ನು ಇಳಿಸಬೇಕು. ಎಂಜಿನ್ನನ್ನು ತೂಗಿಹಿಡಿಯುವ ಸಾಧನವೂ ವಿಶೇಷವಾದ ಉಪಕರಣಗಳೂ ಬೇಕು. ಅದು ಅಂಗಳದ ಕೆಲಸವಲ್ಲ. ನಿಧಾನವಾಗಿ ಏರುವ ಘಟ್ಟದ ದಾರಿಯಲ್ಲಿ ಕನ್ವರ್ಟರಿನ ಎಣ್ಣೆಯು ಬಹಳ ಕಾಯುವುದು. ಕಾವೇ ಎಣ್ಣೆಗೂ ತಟ್ಟೆಗಳಿಗೂ ಪರಮಶತ್ರು. ಆದಕಾರಣ ಈ ಗಾಡಿಯನ್ನು ಶಿರಾಡಿ ಘಟ್ಟಕ್ಕೆ ಇಳಿಸತಕ್ಕದ್ದಲ್ಲವೆಂದು ಮನೆಯಲ್ಲಿ ನಿರ್ಣಯವಾಯಿತು. ಈ ಬೇಸಿಗೆಯಲ್ಲಿ ತಂಗಿಯು ಧರ್ಮಸ್ಥಳಕ್ಕೆ ಬಸ್ಸಿನಲ್ಲಿ ಹೋಗಿಬಂದಳು. ಮೆಟ್ಟಿಲೇರುವಾಗ ಮಗನು ಕೈಹಿಡಿದನು. ದಾರಿಯಲ್ಲೆಲ್ಲಾದರೂ ಗಾಡಿಯು ನಿಂತರೆ ಹಗ್ಗ ಕಟ್ಟಿ ಎಳೆಯಬಾರದೆಂಬುದನ್ನೂ ಆಕೆ ತಿಳಿದಿರುವಳು. ಎಂಜಿನ್ನು ನಿಂತಾಗ ಎಣ್ಣೆಯ ಪಂಪೂ ನಿಲ್ಲುವುದರಿಂದ, ಹಾಗೆ ಎಳೆದರೆ ಒಳಗಿನ ಚಕ್ರಗಳು ಒಣಗಿ ಉಜ್ಜುವುವು. ಎಂಜಿನ್ನಿನಿಂದ ತಿರುಗುವ ಚಕ್ರಗಳನ್ನು ನೆಲದಿಂದ ಎತ್ತಿಯೇ ಸಾಗಿಸಬೇಕು.

ಕೊನೆಯದಾಗಿ ನೋಟುಪುಸ್ತಕ. ಏನನ್ನು ಬದಲಿಸಿದರು, ಯಾವ ಎಣ್ಣೆಯನ್ನು ಎಷ್ಟು ಹಾಕಿದರು, ಯಾವ ದಿನ ಒಸರಿತು, ಏನು ಉಳಿದಿದೆ ಎಂಬುದೆಲ್ಲ ತಾರೀಖಿನೊಡನೆ ಅದರಲ್ಲಿ ಬರೆದಿದೆ. ಎರಡು ವರ್ಷಗಳ ಮೇಲೆ ಗಾಡಿಯನ್ನು ಮಾರುವಾಗ ಈ ಪುಸ್ತಕವು ಅದರೊಡನೆಯೇ ಹೋಗತಕ್ಕದ್ದೆಂದು ತಂಗಿಯು ಹೇಳಿರುವಳು. “ಹಾಗಾದರೆ ಇಪ್ಪತ್ತು ಸಾವಿರವಾದರೂ ಕಡಮೆ ಕೇಳುತ್ತಾರಮ್ಮ” ಎಂದು ಮಗನೆನ್ನಲು, “ಕೇಳಲಿ. ಕೊಂಡವರ ಮನೆಯಲ್ಲಿಯೂ ನನ್ನಂಥವಳೊಬ್ಬಳು ಅದರಲ್ಲಿ ಕೂರುವಳು” ಎಂದಳು. ಇದಕ್ಕೆ ನಾವು ಸೇರಿಸಬೇಕಾದ ಮಾತು ಯಾವುದೂ ಇಲ್ಲ.

ಇಂತಹ ಕೆಲಸಕ್ಕೆ ಕೈಹಾಕಬೇಕೆಂದಿರುವ ಗೃಹಸ್ಥರಿಗೆ ನಾವು ಹೇಳುವುದಿಷ್ಟು. ರೋಗವು ಒಂದು ಸುರುಳಿ, ಒಂದು ಶೋಧಕ, ಒಂದು ಗ್ಯಾಸ್ಕೆಟ್ಟು ಎಂದು ಪರೀಕ್ಷೆಯಿಂದ ನಿಶ್ಚಯವಾಗಿದ್ದರೆ, ಕೈಪಿಡಿಯೂ ಸಲಕರಣೆಯೂ ಜೊತೆಗೊಬ್ಬರೂ ಇದ್ದರೆ, ಧೈರ್ಯವಾಗಿ ಮಾಡಿರಿ. ಹಣವೂ ಉಳಿದೀತು, ವಿದ್ಯೆಯೂ ಬಂದೀತು. ಗಾಡಿಗೆ ಕಂಪನಿಯ ಭರವಸೆಯ ಅವಧಿಯಿನ್ನೂ ಇದ್ದರೆ, ಸುಟ್ಟ ವಾಸನೆಯೋ ಲೋಹದ ಚೂರೋ ಕಂಡರೆ, ಹಿಮ್ಮುಖದ ಗೇರು ಬೀಳದಿದ್ದರೆ ಬಲ್ಲವರಿಗೆ ಒಪ್ಪಿಸಿರಿ. ಮಾಡಿದಲ್ಲಿ, ಮಾಡಲು ಹಿಡಿದ ಹೊತ್ತಿನ ಎರಡರಷ್ಟನ್ನು ಅನಂತರದ ನೋಟಕ್ಕೆ ಮೊದಲೇ ಎತ್ತಿಡಿರಿ. ಚಕ್ರವು ಉರುಳಿದ್ದನ್ನು ಕಂಡು ನೆರೆಯವರು ಹೊಗಳುವರು. ಕಾಗದವು ಬೆಳ್ಳಗಿರುವುದನ್ನು ಕಾಣುವವರು ಮನೆಯವರು ಮಾತ್ರ. ದಿನವೂ ಆ ಗಾಡಿಯಲ್ಲಿ ಕುಳಿತು ಹೋಗುವವರೂ ಅವರೇ ಆದುದರಿಂದ, ಎರಡನೆಯದೇ ನಮಗೆ ಪ್ರಮಾಣವಾಗಬೇಕು.